ಹಕ್ಕಿಗಳಿಗೆ ನಾನು ಹಾಕಿದ ಬೆಸುಗೆ

ಹೋದ ವಾರ ಮೊಮ್ಮಗಳು ಬಾಲ್ ಪೆನ್ನು ಬಿಚ್ಚಿದಾಗ ಒಳಗಿನ ಸ್ಪ್ರಿಂಗ್ ಚಿಮ್ಮಿ ನನ್ನ ಮಡಿಲಿಗೆ ಬಿತ್ತು. ಬೆರಳ ತುದಿಯಲ್ಲಿ ನಿಲ್ಲಿಸಿ ನೋಡಿದೆ. ಸಣ್ಣಗೆ ನಡುಗಿತು... ಇಲ್ಲೇ ದೋಹಾದ ಒಂದು ಚಿನ್ನದಂಗಡಿಯಲ್ಲಿ ನಾನು ಒಡವೆ ರಿಪೇರಿಗೆ ಕೂರುತ್ತಿದ್ದ ದಿನಗಳು, ಆ ಚೀನಾದ ಹೆಂಗಸು, ಆಕೆಗೆ ನಾನು ಹೇಳಿದ ಸುಳ್ಳು, ಎಲ್ಲವೂ ಒಟ್ಟಿಗೆ ನೆನಪಾದವು.

ಎರಡು ಸಾವಿರದ ಐದೋ ಆರೋ ಇರಬೇಕು. ಆಕೆ ಬಿನ್ ಮಹಮೂದ್ ಬಡಾವಣೆಯ ಒಂದು ಲೇಡೀಸ್ ಪಾರ್ಲರ್‌ನಲ್ಲಿ ಕೆಲಸಕ್ಕಿದ್ದಳು. ತಾನು ಮಿಯಾವೊ ಜನದವಳು, ಗುಡ್ಡಗಾಡಿನ ಊರಿನವಳು ಎಂದು ಇಂಗ್ಲಿಷಿಗೆ ಅರಬಿ ಬೆರೆಸಿ ಹೇಳಿದಳು. ತಂದದ್ದು ಒಂದು ಬಟ್ಟೆಗಂಟು. ಒಳಗೆ ತೀರಿಹೋದ ಅಮ್ಮನ ತುರುಬಿನ ಬೆಳ್ಳಿ ಕಡ್ಡಿ. ಅಮ್ಮ ಹೋದ ಮೇಲೆ ಆಕೆ ಆ ಗಂಟನ್ನು ಬಿಚ್ಚಿಯೇ ಇರಲಿಲ್ಲವಂತೆ. ಗಂಟಿನಿಂದ ಬೆಳ್ಳಿಯ ಹಕ್ಕಿಯೊಂದು ಉದುರಿದ್ದಕ್ಕೆ ಬಂದಿದ್ದಳು. ಊರಿಗೆ ಹೋಗಿ ಮಗಳ ಮದುವೆಯಲ್ಲಿ ಆ ಕಡ್ಡಿ ಮುಡಿಸಬೇಕಿತ್ತು. ನಾನು ಗಂಟು ಬಿಚ್ಚುವಾಗ ಮುಖ ತಿರುಗಿಸಿ ನಿಂತಳು.

ನಡುವೆ ಚಿಟ್ಟೆ, ಸುತ್ತ ಐದು ಹಕ್ಕಿಗಳ ಜಾಗ. ಒಂದೊಂದು ಹಕ್ಕಿಗೂ ಕೂದಲೆಳೆಯಂಥ ಸುರುಳಿ ತಂತಿಯ ಕಾಲು. ನಮ್ಮ ಕಸುಬಿನಲ್ಲಿ ಅಲ್ಲಾಡುವುದೆಂದರೆ ದೋಷ. ನಮ್ಮೂರ ಹೆಂಗಸರು ಒಡವೆಯನ್ನು ಕಿವಿಯ ಬಳಿ ಕುಲುಕಿ, ಸದ್ದು ಬಂದರೆ ವಾಪಸು ಕೊಡುತ್ತಿದ್ದರು. ಪಕ್ಕದ ಮೇಜಿನವನು, "ಎಂತ ಆಚಾರ್ರೇ, ಹಕ್ಕಿಗಳಿಗೆ ಚಳಿಜ್ವರವಾ?" ಎಂದು ನಕ್ಕ.

"ಮದ್ದು ಕೊಡ್ತೇನೆ, ನೋಡು."

ಉದುರಿದ್ದೊಂದನ್ನು ಕೂರಿಸಿದ್ದರೆ ಸಾಕಿತ್ತು. ನಾನು ಐದೂ ಸುರುಳಿಗಳಿಗೆ ಬೆಸುಗೆ ಹರಿಸಿ ಗಟ್ಟಿ ಮಾಡಿದೆ. ಹೆಮ್ಮೆಯೂ ಆಯಿತು.

ಆಕೆ ಬಂದು, ತುರುಬಿಗೆ ಸಿಕ್ಕಿಸಿ, ಕನ್ನಡಿಯ ಮುಂದೆ ತಲೆ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು. "ಬ್ರದರ್, ಅಲ್ಲಾಡುವುದಿಲ್ಲ... ಮಾಫಿ." ಅರಬಿಯಲ್ಲಿ ಮಾಫಿ ಎಂದರೆ ಇಲ್ಲ. ಅಮ್ಮ ಮುಂದೆ ನಡೆಯುವಾಗ ಹಿಂದಿನಿಂದ ನೋಡಿದರೆ ಹಕ್ಕಿಗಳು ಹೀಗೆ ನಡುಗುತ್ತಿದ್ದವು ಎಂದು ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದಳು. ಆ ನಡುಕ ದೋಷವಲ್ಲ, ಬೇಕೆಂದೇ ಮಾಡಿದ್ದೆಂದು ನನಗೆ ಆಗ ಅರ್ಥವಾಯಿತು. ಅಂಗಡಿಯ ಧಣಿಗಳು ಕೌಂಟರಿನಿಂದ ನೋಡುತ್ತಿದ್ದರು.

"ಉದುರಿದ್ದೊಂದು ಬಿಟ್ಟು ಬೇರೆ ಮುಟ್ಟಿಲ್ಲ ಸಿಸ್ಟರ್. ಮೊದಲೂ ಹೀಗೇ ಗಟ್ಟಿ ಇದ್ದವು," ಎಂದುಬಿಟ್ಟೆ.

ಆಕೆ ಜಗಳವಾಡಲಿಲ್ಲ. "ಆಗ ಚಿಕ್ಕವಳು. ನನಗೇ ತಪ್ಪು ನೆನಪಿರಬೇಕು," ಎಂದು ಹೊರಟಳು. ಬೈದಿದ್ದರೆ ಮರೆಯುತ್ತಿದ್ದೆನೇನೋ... ಕೆಲಸ ಕೆಡಿಸಿದ್ದಲ್ಲದೆ, ಆಕೆಯ ಕಣ್ಣೊಳಗಿದ್ದ ಅಮ್ಮನ ನಡಿಗೆಯನ್ನೂ ಸುಳ್ಳು ಮಾಡಿದ್ದೆ.

ಮೂರು ದಿನ ಕಳೆದವು. ಶುಕ್ರವಾರ ಪಾರ್ಲರ್‌ಗೆ ಹೋದೆ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಬೆಲ್ ಒತ್ತಿ ಮೆಟ್ಟಿಲ ಮೇಲೆ ನಿಂತೆ. ಆಕೆ ಬಾಗಿಲು ಗೇಣಷ್ಟು ತೆರೆದಳು. ಹರಕು ಇಂಗ್ಲಿಷಿನಲ್ಲಿ, "ನಡುಗುತ್ತಿದ್ದವು. ನಾನೇ ಕೆಡಿಸಿದೆ. ಸುಳ್ಳು ಹೇಳಿದೆ," ಎಂದೆ.

ಬೈಗುಳಕ್ಕೆ ಕಾದಿದ್ದೆ. "ನಡುಗುತ್ತಿದ್ದವಾ? ನೀನೇ ನೋಡಿದೆಯಾ?" ಎಂದು ಮೂರು ಸಲ ಕೇಳಿದಳು.

"ನೋಡಿದೆ ಸಿಸ್ಟರ್. ಕಣ್ಣಾರೆ."

ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಒಳಗೆ ಹೋಗಿ ಕಡ್ಡಿ ತಂದು ನನ್ನ ಕೈಗಿಟ್ಟಳು. "ಯಲ್ಲಾ, ಬೇಗ ಸರಿಮಾಡು. ಮಂಗಳವಾರ ಫ್ಲೈಟ್."

ಹೊಸ ತಂತಿ ಎಳೆದು, ಹೊಲಿಗೆ ಸೂಜಿಗೆ ಸುತ್ತಿ ಸುರುಳಿ ಮಾಡಿದೆ. ನಾಲ್ಕು ಹಕ್ಕಿಗಳು ಮತ್ತೆ ನಡುಗಿದವು. ಐದನೆಯದರ ಹೊಟ್ಟೆ ನನ್ನ ಬೆಸುಗೆಯಲ್ಲಿ ಕರಗಿತ್ತು. ಅದನ್ನು ಬಿಡಿಸಲು ಆಗಲಿಲ್ಲ. ಆಕೆ ಅದನ್ನು ಉಗುರಿನಿಂದ ಮುಟ್ಟಿ ನೋಡಿ, "ಖಲಾಸ್. ಇದಕ್ಕೆ ಸುಸ್ತು, ಕೂತಿರಲಿ," ಎಂದಳು.

ಊರಿಗೆ ಹೋದ ಆಕೆ ಮರಳಲಿಲ್ಲ. ಪಾರ್ಲರ್ ಇದ್ದ ಆ ಕಟ್ಟಡವನ್ನೂ ಕೆಡವಿದ್ದಾರೆ. ಅಂದು ತಪ್ಪೊಪ್ಪಿದ ಅವಸರದಲ್ಲಿ ಕ್ಷಮಿಸು ಎಂಬ ಮಾತನ್ನೇ ನಾನು ಆಡಿರಲಿಲ್ಲ. ಇನ್ನು ಅದನ್ನು ಕೇಳುವವರಿಲ್ಲ... ಆದರೂ ಈಗ ದೋಹಾದ ಅಲ್ ಅಜೀಜಿಯಾದಲ್ಲಿರುವ ಮಗನ ಮನೆಯಲ್ಲಿ ಸಂಜೆ ಕೂತಾಗ ಅಂದುಕೊಳ್ಳುತ್ತೇನೆ: ಆ ಮದುಮಗಳಿಗೂ ಮಗಳು ಹುಟ್ಟಿರಬಹುದು. ಯಾವುದೋ ಗುಡ್ಡದ ದಾರಿಯಲ್ಲಿ ಅಮ್ಮನ ಹಿಂದೆ ಹೆಜ್ಜೆ ಹಾಕುತ್ತಾ, ಆ ಮಗು ತಲೆಯೆತ್ತಿ ತುರುಬಿನತ್ತ ನೋಡುತ್ತಿರಬಹುದು.