ತೊಂಬತ್ತೊಂದಕ್ಕೆ ಹೆಬ್ಬೆರಳು

ಹೋದ ವಾರ ಸಕ್ಕರೆ ಪರೀಕ್ಷೆಗೆಂದು ಹಾಸನದ ಒಂದು ಲ್ಯಾಬಿಗೆ ಹೋಗಿದ್ದೆ. ಅಲ್ಲೇ ತರಬೇತಿಗೆ ಇರುವ ನನ್ನ ಮಗಳು ಬಾಗಿಲ ಬಳಿಯ ಸ್ಯಾನಿಟೈಸರ್ ಬಾಟಲಿ ಒತ್ತಿ ನನ್ನ ಅಂಗೈಗೆ ಒಂದಿಷ್ಟು ಹಾಕಿ, ತಾನೂ ಹಾಕಿಕೊಂಡಳು. ಆ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯಿತು ನೋಡಿ... ಕೊಣನೂರು ಕಡೆಯ ನಮ್ಮ ಶಾಲೆಯ ವರಾಂಡ, ಸಾಲಾಗಿ ನಿಂತ ಮಕ್ಕಳು, ಅವರ ಮುಂದೆ ವಿಜ್ಞಾನದ ಮೇಡಂ. ಜೊತೆಗೆ ನನ್ನ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು.

ನಾನು ಅಲ್ಲಿ ಗಣಿತದ ಮೇಷ್ಟ್ರು. ಕೊರೊನಾ ಇಳಿದು ಶಾಲೆ ಮತ್ತೆ ತೆರೆದಾಗ ಮಕ್ಕಳು ಮಗ್ಗಿಯನ್ನೆಲ್ಲ ಮರೆತು ಬಂದಿದ್ದರು. ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಹದಿಮೂರರ ಮಗ್ಗಿಯಂತೂ ಯಾರ ಬಾಯಿಗೂ ಹತ್ತಲಿಲ್ಲ, ಅಲ್ಲೇ ಹತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳ ಬಾಯಿಗೂ.

ಅರಕಲಗೂಡಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಮೇಡಂ ಒಂದು ಉಪಾಯ ಮಾಡಿದರು. ಸ್ಯಾನಿಟೈಸರನ್ನು ಕೈ ಆರುವವರೆಗೂ ಉಜ್ಜಬೇಕು, ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಉಳಿದುಬಿಡುತ್ತದೆ. ಮಕ್ಕಳಿಗೋ ಎಲ್ಲದಕ್ಕೂ ಅವಸರ. ಹದಿಮೂರರ ಮಗ್ಗಿಯನ್ನು ನಿಧಾನವಾಗಿ ಹೇಳಿ ಮುಗಿಸುವ ಹೊತ್ತಿಗೆ ಕೈ ಸರಿಯಾಗಿ ಆರುತ್ತದೆ ಎಂದು ಆಕೆ ಕಂಡುಕೊಂಡಿದ್ದರು.

"ಹದಿಮೂರೇಳ್ಲ ತೊಂಬತ್ತೊಂದೂ... ಹೆಬ್ಬೆಟ್ಟು ಬುಟ್ಟೀರಿ ಕಣ್ರಪ್ಪಾ!" ಎನ್ನುತ್ತಿದ್ದರು.

ಮಕ್ಕಳು ತಡವರಿಸುತ್ತಿದ್ದುದು ಏಳರ ಹತ್ತಿರ, ಉಜ್ಜಲು ಮರೆಯುತ್ತಿದ್ದುದು ಹೆಬ್ಬೆರಳನ್ನು. ಎರಡನ್ನೂ ಒಟ್ಟಿಗೆ ಗಂಟು ಹಾಕಿಬಿಟ್ಟರು. ಕೆಲವೇ ದಿನಗಳಲ್ಲಿ ಇಡೀ ಶಾಲೆಗೆ ಮಗ್ಗಿ ಬಂತು. ನನಗೆ ಮೈಯೆಲ್ಲ ಉರಿಯಿತು. ನಾನು ಉತ್ತ ಹೊಲದಲ್ಲಿ ಆಕೆ ಬೆಳೆ ಕೊಯ್ದುಕೊಂಡು ಹೋದಂತಾಗಿತ್ತು.

ಹೇಗಾದರೂ ಆಕೆಯದೊಂದು ತಪ್ಪು ಹಿಡಿಯಬೇಕಿತ್ತು. ಒಂದು ಬೆಳಿಗ್ಗೆ ಬಾಟಲಿಯ ಮೇಲೆ ಎಪ್ಪತ್ತು ಪರ್ಸೆಂಟ್ ಆಲ್ಕೋಹಾಲ್ ಎಂದು ಬರೆದಿದ್ದು ಕಣ್ಣಿಗೆ ಬಿತ್ತು. ಸಿಕ್ಕಿಬಿದ್ದಳು ಎಂದುಕೊಂಡೆ. ಪ್ರಾರ್ಥನೆ ಮುಗಿದದ್ದೇ ತಡ, ಎಲ್ಲರ ಮುಂದೆ ಕೇಳಿದೆ.

"ಏನ್ ಮೇಡಂ, ನಮ್ ಮಕ್ಕಳಿಗೆ ಎಪ್ಪತ್ತು ಸಾಕಾ? ನೂರೇ ತರ್ಸಿ. ನೂರು ದೊಡ್ಡದೋ, ಎಪ್ಪತ್ತು ದೊಡ್ಡದೋ?"

ಮೇಡಂ ನಕ್ಕರು. "ಲೆಕ್ಕದಲ್ಲಿ ನೂರೇ ದೊಡ್ಡದು ಸಾ" ಎಂದು ಮಕ್ಕಳ ಕಡೆ ತಿರುಗಿದರು. "ಮುದ್ದೆಗೆ ನೀರು ಕಮ್ಮಿ ಆದ್ರೆ ಏನಾಯ್ತದ್ರಪ್ಪಾ?"

"ಗಂಟಾಯ್ತದೆ ಮೇಡಂ! ಮ್ಯಾಲೆ ಬೆಂದಿರ್ತದೆ, ಒಳಗೆ ಅಸಿ ಇಟ್ಟು!"

ಇದೂ ಅಷ್ಟೇ ಎಂದರು. ಬ್ಯಾಕ್ಟೀರಿಯಾಕ್ಕೆ ಜಿಡ್ಡಿನ ಪೊರೆ ಇರುತ್ತದೆ. ಆಲ್ಕೋಹಾಲ್ ಅದನ್ನು ಹರಿದು ಒಳಗಿಳಿದು, ಅಲ್ಲಿನ ಪ್ರೋಟೀನನ್ನು ಹಾಲು ಒಡೆಸಿದಂತೆ ಒಡೆಸಬೇಕು. ನೀರು ಬೆರೆಯದಿದ್ದರೆ ಮೇಲಿನದಷ್ಟೇ ಗಟ್ಟಿಯಾಗುತ್ತದೆ, ಒಳಗೆ ಇಳಿಯುವ ಮೊದಲೇ ಆಲ್ಕೋಹಾಲ್ ಆರಿಹೋಗುತ್ತದೆ, ಜೀವ ಹಾಗೇ ಉಳಿಯುತ್ತದೆ.

ಆಕೆ ಅಣಕಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಅಣಕಿಸಲಿಲ್ಲ. ಆದರೆ ಮಕ್ಕಳು ಬಿಡುತ್ತಾರೆಯೇ? ಅಂದಿನಿಂದ ನಾನು 'ಗಂಟುಮುದ್ದೆ ಮೇಷ್ಟ್ರು'. ನಕ್ಕವರಲ್ಲಿ ನನ್ನ ಮಗಳೂ ಇದ್ದಳು. ಆ ಉರಿ ಇನ್ನೂ ಆರಿಲ್ಲ.

ಆಮೇಲೆ ಮೇಡಂಗೆ ಏನೋ ಕಾಯಿಲೆ ಕಚ್ಚಿಕೊಂಡಿತು... ಹಾಸನ, ಮೈಸೂರು ಎಂದು ಓಡಾಡಿದರು, ಉಳಿಯಲಿಲ್ಲ. ಮಣ್ಣು ಮಾಡುವ ದಿನ ಅರಕಲಗೂಡಿನ ಅವರ ಮನೆ ಬಾಗಿಲಲ್ಲಿ ಯಾರೋ ಸ್ಯಾನಿಟೈಸರ್ ಇಟ್ಟಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಹಾಕಿಕೊಂಡು, ಉಜ್ಜುತ್ತ, ತುಟಿ ಅಲ್ಲಾಡಿಸುತ್ತ ಒಳಗೆ ಹೋದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಅತ್ತೆ. ಅಳುತ್ತಲೇ, ನಾನು ಸತ್ತರೆ ಯಾರು ತಾನೇ ಮಗ್ಗಿ ಹೇಳಿಯಾರು ಎಂದುಕೊಂಡೆ. ಹೋದವರ ಮೇಲೂ ಹೊಟ್ಟೆಕಿಚ್ಚು!

ಈಗ ಲ್ಯಾಬಿನಲ್ಲಿ ಮಗಳ ತುಟಿಯೂ ಅಲ್ಲಾಡುತ್ತಿತ್ತು. ಹದಿಮೂರರ ಮಗ್ಗಿಯೇ. ಚಿಕ್ಕಂದಿನಿಂದ ದಿನಾ ಸಂಜೆ ಎದುರು ಕೂರಿಸಿಕೊಂಡು ಅವಳ ಬಾಯಿಗೆ ಅದನ್ನು ತುರುಕಿದವನು ನಾನು. ಆಸೆ ತಡೆಯಲಾಗಲಿಲ್ಲ.

"ಅದನ್ನ ಯಾರವ್ವಾ ಕಲ್ಸಿದ್ದು ನಿಂಗೆ?"

"ಮೇಡಂ ಕಣಪ್ಪಾ. ಇನ್ಯಾರು?"

ಚುರುಕ್ಕೆಂದಿತು. ಅವಳು ಬಿಟ್ಟಲ್ಲಿಂದ ಮತ್ತೆ ಶುರುಮಾಡಿದಳು. ಏನಾದರೂ ಅನ್ನೋಣವೆಂದು ಬಾಯಿ ತೆರೆದವನು ನನ್ನ ಕೈ ನೋಡಿಕೊಂಡೆ. ಅವಳು ತೊಂಬತ್ತೊಂದು ಎನ್ನುತ್ತಿದ್ದಂತೆ ನನ್ನ ಕೈ ತಾನಾಗಿ ಹೆಬ್ಬೆರಳಿಗೆ ಹೋಗಿತ್ತು. ನನಗೂ ಆಕೆಯೇ ಕಲಿಸಿದ್ದು... ಒಪ್ಪಿಕೊಳ್ಳೋಣವೆಂದರೆ ಆಕೆ ಇಲ್ಲ.