ಭಾಗ್ಯಮ್ಮನ ಮನೆಗೆ ಸ್ಟೋರೇಜ್ ಡ್ರೈವ್ ಹಾಕಿದ ದಿನ

ಎರಡು ವರ್ಷದ ಹಿಂದಿನ ಆಷಾಢ, ಒಂದು ಗುರುವಾರ. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ನಲ್ಲಿಯಲ್ಲಿ ನೀರು ಬಂತು. ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯಲ್ಲಿ ನೀರು ಬಂದ ದಿನ ಮಿಕ್ಕ ಕೆಲಸಗಳೆಲ್ಲ ಅದರ ಹಿಂದೆಯೇ ಸಾಲು ನಿಲ್ಲಬೇಕು. ಎರಡು ಡ್ರಮ್, ಹನ್ನೊಂದು ಕೊಡ, ಕೊನೆಗೆ ಅಡುಗೆಮನೆಯ ಸ್ಟೀಲ್ ಪಾತ್ರೆಗಳು. ಮಾರಿಕುಪ್ಪಂನಿಂದ ಹೊರಡುವ ಮೊದಲ ರೈಲಿಗೆ ಯಜಮಾನರಿಗೆ ಡಬ್ಬಿ ಕಟ್ಟಿ ಕಳಿಸಿದೆ. ಮಗಳಿಗೆ ಎರಡು ಜಡೆ ಹೆಣೆದೆ. ಎಡಗಡೆಯದು ಕೊಂಚ ಮೇಲಾಯಿತು; ಅವಳು ಕನ್ನಡಿ ನೋಡಿಕೊಂಡು, ನನ್ನ ಮುಖ ನೋಡಿ, ಹಾಗೇ ಶಾಲೆಗೆ ಹೋದಳು. ನನಗೆ ಯಾಕೋ ಬೆಳಿಗ್ಗೆಯಿಂದಲೇ ಕೈ ನಿಲ್ಲುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ.

ಯಾವ ಫಾರಂನಲ್ಲಿ ಉದ್ಯೋಗ ಕೇಳಿದರೂ ಇವತ್ತಿಗೂ ‘ಗೃಹಿಣಿ’ ಎಂದೇ ತುಂಬುತ್ತೇನೆ. ಆದರೆ ಮಗಳನ್ನು ಶಾಲೆಗೆ ಸೇರಿಸಿದ ವರ್ಷ ಆರು ತಿಂಗಳ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕೋರ್ಸ್ ಮಾಡಿಕೊಂಡಿದ್ದೆ. ಅಲ್ಲಿಂದೀಚೆಗೆ ವಾರಕ್ಕೆ ಎರಡು ಮೂರು ದಿನ ಕೆ.ಜಿ.ಎಫ್., ಬಂಗಾರಪೇಟೆ, ಬೇತಮಂಗಲದ ಕಡೆಯ ಮನೆಗಳಿಗೆ ಹೋಗಿ ಪ್ರಿಂಟರ್, ರೂಟರ್, ಕ್ಯಾಮೆರಾ ಹೂಡಿಕೊಡುತ್ತೇನೆ. ಕರೆಯುವವರು ಹೆಚ್ಚಾಗಿ ಹೆಂಗಸರು. ಗಂಡಸು ಮೆಕ್ಯಾನಿಕ್ ಒಳಗೆ ಬಂದು ತಮ್ಮ ಫೋನನ್ನು ಕೈಗೆ ತೆಗೆದುಕೊಳ್ಳುವುದು ಅವರಿಗೆ ಹಿಡಿಸುವುದಿಲ್ಲ. ಪ್ರತಿ ಮನೆಯಲ್ಲೂ ಏನು ಮಾಡಿದೆ ಎಂಬುದನ್ನು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್, ಹಾಕಿದ ಹೊಲಿಗೆಯನ್ನು ಬರೆದಿಡದಿದ್ದರೆ ಬಟ್ಟೆ ವಾಪಸು ಕೊಡುತ್ತಿದ್ದರು. ಆ ಅಭ್ಯಾಸ ಬಿಟ್ಟುಹೋಗಿಲ್ಲ.

ಅವತ್ತು ಹೋಗಬೇಕಾಗಿದ್ದದ್ದು ಬಂಗಾರಪೇಟೆಯ ಭಾಗ್ಯಮ್ಮನ ಮನೆಗೆ. ಐವತ್ತರ ಹತ್ತಿರದ ಹೆಂಗಸು, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿಯುತ್ತಾರೆ. ಮದುವೆ ತಿಂಗಳುಗಳಲ್ಲಿ ಅವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಮುಹೂರ್ತವಿಲ್ಲವಾದ್ದರಿಂದ ನನ್ನನ್ನು ಕರೆದಿದ್ದರು. ಹೊಲಿದ ಪ್ರತಿಯೊಂದು ರವಿಕೆಯನ್ನೂ ಹಾಕಿಸಿ, ಹಿಂದಿನಿಂದ ಮುಂದಿನಿಂದ ಫೋಟೋ ತೆಗೆದಿಡುವುದು ಅವರ ಪದ್ಧತಿ. ಮುಂದಿನ ಸಲ ಅಳತೆಗೂ ಡಿಸೈನಿಗೂ ಅದೇ ಆಧಾರ. ಒಂಬತ್ತು ಸಾವಿರ ಫೋಟೋ ಸೇರಿ ಫೋನ್ ಉಸಿರು ಕಟ್ಟಿಕೊಂಡಿತ್ತು.

ಮೊದಲ ಸಲ ಫೋನಿನಲ್ಲಿ ಮಾತಾಡಿದಾಗ, ಇಂಟರ್‌ನೆಟ್ಟಿನ ಮೂಲಕ ಕ್ಲೌಡ್‌ನಲ್ಲಿ ಇಡಬಹುದು, ಅದೇ ಸುಲಭ ಎಂದಿದ್ದೆ.

“ಅದು ಎಲ್ಲೈತೆ?” ಎಂದು ಕೇಳಿದರು.

“ದೂರದಲ್ಲಿ, ಒಂದು ಕಂಪನಿಯ ಕಂಪ್ಯೂಟರ್‌ನಲ್ಲಿ.”

“ಬ್ಯಾಡ ಬುಡಕ್ಕ. ಇವೆಲ್ಲಾ ಎಂಗಸ್ರ ಪೋಟೋ. ನನ್ನ ನಂಬಿ ನಿಂತ್ಕೊಂಡವ್ರೆ. ನಮ್ಮನೆ ಒಳಗೇ ಇರ್ಬೇಕು, ಬೀಗ ನನ್ನ ಕೈಲಿರ್ಬೇಕು.”

ಅದಕ್ಕೆ ಸರಿಯಾದ ಉತ್ತರ ನೆಟ್‌ವರ್ಕ್ ಸ್ಟೋರೇಜ್ ಡ್ರೈವ್. ಟಿಫಿನ್ ಕ್ಯಾರಿಯರ್ ಗಾತ್ರದ ಒಂದು ಪೆಟ್ಟಿಗೆ. ಒಳಗೆ ಎರಡು ಹಾರ್ಡ್ ಡಿಸ್ಕ್. ಮನೆಯ ವೈಫೈ ರೂಟರಿಗೆ ಒಂದು ಕೇಬಲ್‌ನಿಂದ ಜೋಡಿಸಿದರೆ, ಫೋನಿನಿಂದ ತಂತಿಯಿಲ್ಲದೆ ಫೋಟೋಗಳನ್ನು ಅದಕ್ಕೆ ಕಳಿಸಬಹುದು, ನೋಡಬಹುದು. ಹತ್ತೂವರೆಗೆ ಅವರ ಕೋಣೆಯ ಕಪಾಟಿನ ಮೇಲೆ, ದಾರದ ಉಂಡೆಗಳ ಪಕ್ಕದಲ್ಲಿ ಅದನ್ನು ಕೂರಿಸಿದೆ. ತಲಾ ನಾಲ್ಕು ಟೆರಾಬೈಟ್ ಜಾಗದ ಎರಡು ಡಿಸ್ಕ್ ಹಾಕಿದರೂ ಬಳಸಲು ಸಿಗುವುದು ನಾಲ್ಕೇ, ಏಕೆಂದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುತ್ತದೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ ಎಂದು ವಿವರಿಸಿದೆ.

“ಲೈನಿಂಗ್ ಕೊಟ್ಟಂಗೆ,” ಎಂದರು ಭಾಗ್ಯಮ್ಮ. “ಮೇಲಿಂದು ಅರಿದ್ರೂ ಮಾನ ಓಗಲ್ಲ.” ಆಮೇಲೆ ಪೆಟ್ಟಿಗೆಯನ್ನು ಸುತ್ತಲೂ ನೋಡಿ, “ಇದಕ್ಕೂ ಒಂದು ರವಿಕೆ ಒಲ್ದಾಕ್ಲಾ?” ಎಂದು ಕೇಳಿದರು.

“ಬೇಡಮ್ಮ, ಅದಕ್ಕೆ ಗಾಳಿ ಬೇಕು.”

“ಬುಡು, ನಮ್ಮೆಜಮಾನ್ರಂಗೇ.”

ನಗುತ್ತಲೇ ಕೆಲಸ ನಡೆಯಿತು. ಪಾಸ್‌ವರ್ಡ್ ಅವರೇ ಹಾಕಿಕೊಂಡರು, ನಾನು ಮುಖ ತಿರುಗಿಸಿ ನಿಂತೆ. ಸೆಟಪ್‌ನ ಪುಟಗಳು ಒಂದರ ಹಿಂದೊಂದು ಬಂದವು. ಒಂದು ಪುಟದಲ್ಲಿ ಐದಾರು ಸೌಲಭ್ಯಗಳ ಪಟ್ಟಿ, ಎಲ್ಲಕ್ಕೂ ಮೊದಲೇ ಟಿಕ್ ಹಾಕಿತ್ತು. ನೆಕ್ಸ್ಟ್ ಒತ್ತಿದೆ. ಹನ್ನೆರಡೂವರೆಗೆ ಫೋಟೋಗಳ ಕಾಪಿ ಶುರುವಾಯಿತು.

ಅದು ಓಡುವುದನ್ನು ನೋಡುತ್ತಾ ಕೂತಿದ್ದಾಗ ಭಾಗ್ಯಮ್ಮ ದನಿ ತಗ್ಗಿಸಿ ಒಂದು ಮಾತು ಹೇಳಿದರು. ಅವರ ಗಿರಾಕಿಗಳಲ್ಲಿ ಆರು ಜನ, ಆಪರೇಷನ್‌ನಲ್ಲಿ ಒಂದು ಎದೆ ತೆಗೆಸಿಕೊಂಡವರು. ಅವರಿಗೆ ರವಿಕೆಯ ಒಳಗೇ ಹತ್ತಿಯ ದಿಂಬು ಕೂರಿಸಿ ಹೊಲಿಯುತ್ತಾರೆ. ತೂಕ ಸಮವಾಗಲೆಂದು ಹತ್ತಿಯ ನಡುವೆ ಸಾಸಿವೆಯ ಸಣ್ಣ ಚೀಲ. ಇಲ್ಲದಿದ್ದರೆ ಒಂದು ಕಡೆ ಹಗುರಾಗಿ ಸೆರಗು ಜಾರುತ್ತದಂತೆ. ಅಳತೆಗಾಗಿ, ಒಳಗಿನ ದಿಂಬು ಕಾಣುವಂತೆ ತೆಗೆದ ಅವರ ಫೋಟೋಗಳೂ ಇದ್ದವು. “ಅದ್ರಾಗೆ ಒಬ್ರು ಟೀಚರ್. ಗಂಡ ಬಿಟ್ರೆ ಅವ್ರ ಮನೇಲಿ ಯಾರ್ಗೂ ಗೊತ್ತಿಲ್ಲ. ಮೊಕ ಬುಟ್ಟೇ ತೆಗ್ಯೋದು, ಆದ್ರೆ ಕನ್ನಡೀಲಿ ಅವ್ರ ಮೊಕ ಬಿದ್ದೈತೆ. ಅಳಿಸ್ಬುಡಾನ ಅಂದ್ರೆ ಅಳತೆ ಓಗ್ತದೆ.”

ಇನ್ನು ಭಯವಿಲ್ಲ, ಇದು ನಿಮ್ಮ ಮನೆ ದಾಟಿ ಹೋಗುವುದಿಲ್ಲ ಎಂದೆ. ಆ ಮಾತನ್ನು ನಾನು ಹಾಗೇ, ಅದೇ ಪದಗಳಲ್ಲಿ ಹೇಳಿದೆ.

ಹೊರಡುವಾಗ ಇನ್ನೊಂದು ಸೂಚನೆ ಕೊಟ್ಟೆ: ಕಾಪಿ ಮುಗಿಯಲು ಸಂಜೆಯಾಗುತ್ತದೆ, ಅಲ್ಲಿಯವರೆಗೆ ಫೋನ್ ಚಾರ್ಜಿಗೇ ಇರಲಿ, ಯಾರು ಕರೆದರೂ ಮುಟ್ಟಬೇಡಿ. ಅವರು ತಕ್ಷಣ ಅದನ್ನು ಸೈಲೆಂಟ್ ಮಾಡಿ ಚಾರ್ಜರಿನ ತಂತಿ ಸಮೇತ ಕಪಾಟಿನ ಒಳಗಿಟ್ಟರು.

ಒಂದೂಮುಕ್ಕಾಲರ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಣ್ಣು ಮುಚ್ಚಲಾಗಲಿಲ್ಲ. ಏನೋ ಮರೆತ ಹಾಗೆ. ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇತ್ತು, ಚಾರ್ಜರ್ ಇತ್ತು, ಕೊಡೆಯೂ ಇತ್ತು. ನೋಟ್‌ಬುಕ್ ತೆಗೆದು ಅವತ್ತಿನ ಪುಟ ಓದಿದೆ. ರೂಟರಿಗೆ ಸೇರಿಕೊಂಡಿರುವ ಸಾಧನಗಳ ಪಟ್ಟಿಯನ್ನು ಅಭ್ಯಾಸಬಲದಿಂದ ಇಳಿಸಿಕೊಂಡಿದ್ದೆ: ಪೆಟ್ಟಿಗೆ, ನನ್ನ ಲ್ಯಾಪ್‌ಟಾಪ್, ಫೋನ್ ನಾಲ್ಕು, ಟಿವಿ ಎರಡು. ನನ್ನ ಅಕ್ಷರವೇ, ದುಂಡಗೆ, ಗೆರೆ ಮೇಲೆ.

ಭಾಗ್ಯಮ್ಮನ ಮನೆಯಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಟಿವಿ ಒಂದೇ. ಮಾತಿನ ನಡುವೆ ಅದರ ಮೇಲೆ ಹಾಸಿದ್ದ ಕಸೂತಿ ಬಟ್ಟೆಯನ್ನೂ ನೋಡಿ ಮೆಚ್ಚಿದ್ದೆ.

ಆಗ ಆ ಟಿಕ್ ಹಾಕಿದ್ದ ಪಟ್ಟಿ ಕಣ್ಣ ಮುಂದೆ ಬಂತು. ಅದರಲ್ಲಿ ಮೂರನೆಯದು ಮೀಡಿಯಾ ಸರ್ವರ್. ಮನೆಯವರು ತಮ್ಮ ಫೋಟೋ, ವಿಡಿಯೋಗಳನ್ನು ದೊಡ್ಡ ಪರದೆಯಲ್ಲಿ ನೋಡಲೆಂದು ಇರುವ ಸೌಲಭ್ಯ. ಅದೇ ವೈಫೈಗೆ ಸೇರಿರುವ ಯಾವ ಟಿವಿಗಾದರೂ, ಪಾಸ್‌ವರ್ಡ್ ಕೇಳದೆ, ಪೆಟ್ಟಿಗೆಯೊಳಗಿನ ಫೋಟೋಗಳನ್ನು ತೆರೆದಿಡುತ್ತದೆ. ಭಾಗ್ಯಮ್ಮ ಮುಂಬಾಗಿಲಿಗೆ ಹಾಕಿಕೊಂಡ ಬೀಗ ಸರಿಯಾಗಿಯೇ ಇತ್ತು. ಹಿಂಬಾಗಿಲನ್ನು ನಾನು ತೆಗೆದಿಟ್ಟು ಬಂದಿದ್ದೆ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಏಳು ಸಲ ಮಾಡಿದ ಮೇಲೆ, ಮುಟ್ಟಬೇಡಿ ಎಂದು ಹೇಳಿದವಳು ನಾನೇ ಎಂಬುದು ಹೊಳೆಯಿತು. ಎದ್ದು ಕಂಡಕ್ಟರ್ ಹತ್ತಿರ ಹೋಗಿ ನಿಲ್ಲಿಸಿ ಎಂದೆ.

“ಇಲ್ಲಿ ಸ್ಟಾಪ್ ಇಲ್ಲಮ್ಮ. ಇಳ್ದು ಏನ್ ಮಾಡ್ತೀರ, ಬರೀ ಬಯಲು.”

“ವಾಪಸ್ ಹೋಗಬೇಕು.”

“ಒಲೆ ಆರ್ಸೋದು ಮರ್ತ್ರಾ?”

ಹೌದು ಎಂದೆ. ವಿವರಿಸುವಷ್ಟು ಸಮಾಧಾನ ಇರಲಿಲ್ಲ.

ಎದುರು ದಿಕ್ಕಿನ ಬಸ್ಸಿಗೆ ಹುಣಸೆ ಮರದ ಕೆಳಗೆ ಇಪ್ಪತ್ತೈದು ನಿಮಿಷ ನಿಂತೆ. ಎರಡು ಲಾರಿ ಹೋದವು, ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದು ಬೈಕ್ ಹೋಯಿತು. ಪ್ರತಿ ನಿಮಿಷಕ್ಕೂ ಎಷ್ಟು ಫೋಟೋ ಕಾಪಿಯಾಗುತ್ತವೆಂದು ಮನಸ್ಸು ಲೆಕ್ಕ ಹಾಕುತ್ತಿತ್ತು, ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ. ಯಾವ ಫೋಟೋ ಮೊದಲು, ಯಾವುದು ಆಮೇಲೆ ಎಂಬುದು ನನಗೆ ಗೊತ್ತಿರಲಿಲ್ಲ. ಕೊನೆಗೆ ಒಂದು ಷೇರ್ ಆಟೋ ಬಂತು. ಹಿಂದಿನ ಸೀಟಿನಲ್ಲಿ ಸೊಪ್ಪಿನ ಮೂಟೆಯ ಪಕ್ಕ ಕುಳಿತೆ.

ಮೂರಕ್ಕೆ ಹತ್ತು ನಿಮಿಷವಿರುವಾಗ ಭಾಗ್ಯಮ್ಮನ ಬಾಗಿಲಿಗೆ ಬಂದೆ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ, ಪೆಟ್ಟಿಗೆಯ ನೆಟ್‌ವರ್ಕ್ ಕೇಬಲ್ ಕಿತ್ತೆ. ಅವರು ಕತ್ತರಿ ಹಿಡಿದುಕೊಂಡೇ ಎದ್ದು ನಿಂತರು.

“ಏನಾಯ್ತಕ್ಕ?”

“ನಿಮ್ಮ ವೈಫೈ ಇನ್ಯಾರು ಉಪಯೋಗಿಸ್ತಾರೆ?”

“ಪಕ್ಕದ್ಮನೆ ಸುಜಾತ. ಇಬ್ರೂ ಸೇರಿ ತಾನೇ ಆಕ್ಸಿರೋದು. ಗೋಡೆ ಒಂದೇ, ಎರಡು ಯಾಕೆ ದಂಡ ಅಂತ.”

ನಮ್ಮ ಕಡೆ ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲಿ ಇದು ಮಾಮೂಲು. ಬಾವಿಕಟ್ಟೆ ಹಂಚಿಕೊಂಡಂತೆ, ಟೆರೇಸಿನ ಬಟ್ಟೆ ಹಗ್ಗ ಹಂಚಿಕೊಂಡಂತೆ ವೈಫೈಯನ್ನೂ ಹಂಚಿಕೊಳ್ಳುತ್ತಾರೆ. ನಮ್ಮ ಮನೆಯದೂ ಮಹಡಿಯವರ ಜೊತೆಗೇ ಇದೆ. ಅಷ್ಟು ಗೊತ್ತಿದ್ದೂ ನಾನು ಕೇಳಿರಲಿಲ್ಲ.

ಆಗಿದ್ದನ್ನು ಹೇಳಿದೆ. ಸುತ್ತಿ ಬಳಸದೆ, ತಪ್ಪು ನನ್ನದೆಂದು ಹೇಳಿದೆ. ಭಾಗ್ಯಮ್ಮ ಕತ್ತರಿಯನ್ನು ಮೆಷಿನ್ ಮೇಲಿಟ್ಟರು. ಮತ್ತೆ ತೆಗೆದುಕೊಂಡು ಡ್ರಾಯರ್‌ನಲ್ಲಿಟ್ಟರು.

“ಯಾರಾನ ನೋಡವ್ರಾ?”

“ಗೊತ್ತಾಗಲ್ಲ. ಈ ಪೆಟ್ಟಿಗೆ ಅದನ್ನ ಬರೆದಿಡಲ್ಲ.”

“ಆ ಟೀಚರಮ್ಮ ನನ್ನ ಮುಂದೆ ನಿಂತ್ಕೊಳಾಕ್ಮುಂಚೆ ಚಿಲಕ ಎರಡು ಸಲ ನೋಡಿದ್ಲು,” ಎಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೆಟ್ಟಿಗೆಗೆ ಲ್ಯಾಪ್‌ಟಾಪನ್ನು ನೇರವಾಗಿ ಜೋಡಿಸಿ ನೋಡಿದೆ. ಆರು ಸಾವಿರದ ಚಿಲ್ಲರೆ ಫೋಟೋ ಬಂದಿದ್ದವು, ಟೀಚರ್‌ದೂ ಸೇರಿತ್ತು. ಮೀಡಿಯಾ ಸರ್ವರ್ ಆಫ್ ಮಾಡಿದೆ. ಪಟ್ಟಿಯಲ್ಲಿದ್ದ ಇನ್ನೂ ಮೂರು ಟಿಕ್ ತೆಗೆದೆ. ರೂಟರಿನಲ್ಲಿ ಸುಜಾತಾಳ ಮನೆಗೆಂದು ಹಳೆಯ ಹೆಸರು, ಹಳೆಯ ಪಾಸ್‌ವರ್ಡಿನಲ್ಲೇ ಗೆಸ್ಟ್ ನೆಟ್‌ವರ್ಕ್ ಮಾಡಿ, ಭಾಗ್ಯಮ್ಮನ ವೈಫೈಗೆ ಹೊಸ ಪಾಸ್‌ವರ್ಡ್ ಹಾಕಿದೆ, ಅಂದರೆ ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ಈ ಮನೆಯ ಸಾಧನಗಳು ಕಾಣುವುದಿಲ್ಲ. ಆರು ಜನರ ಫೋಟೋಗಳನ್ನು ಪ್ರತ್ಯೇಕ ಫೋಲ್ಡರಿಗೆ ಹಾಕಿ ಅದಕ್ಕೆ ಬೇರೆ ಪಾಸ್‌ವರ್ಡ್. ನಾಲ್ಕೂವರೆಗೆ ಕೇಬಲ್ ಮತ್ತೆ ಚುಚ್ಚಿದೆ. ಭಾಗ್ಯಮ್ಮನ ಟಿವಿಯಲ್ಲಿ ಹುಡುಕಿದೆ, ಪೆಟ್ಟಿಗೆ ಕಾಣಲಿಲ್ಲ. ನನ್ನ ಫೋನಿನಲ್ಲಿ ಹುಡುಕಿದೆ. ಮೂರನೇ ಸಲವೂ ಹುಡುಕಿದೆ.

ಆ ದಿನದಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಯಾವ ಮನೆಗೆ ಹೋದರೂ ಬ್ಯಾಗ್ ಬಿಚ್ಚುವ ಮೊದಲು ಆ ಮನೆಯ ಟಿವಿ, ಫೋನುಗಳನ್ನು ಕಣ್ಣಾರೆ ಎಣಿಸುತ್ತೇನೆ. ರೂಟರಿನ ಪಟ್ಟಿಯ ಜೊತೆ ತಾಳೆಯಾಗದಿದ್ದರೆ ಮುಂದುವರಿಯುವುದಿಲ್ಲ. ಯಂತ್ರ ಹೂಡುವವಳು ಯಂತ್ರವನ್ನಷ್ಟೇ ತಿಳಿದರೆ ಸಾಲದು. ಆ ಮನೆಯವರು ಯಾರ ಜೊತೆ ಏನನ್ನು ಹಂಚಿಕೊಂಡು ಬದುಕುತ್ತಾರೆಂದು ಮೊದಲು ಕೇಳಬೇಕು. ಪ್ರಶ್ನೆ ಸಣ್ಣದು. ಕೇಳದೆ ಬಿಟ್ಟದ್ದಕ್ಕೆ ನಾನಲ್ಲ, ಬಾಗಿಲ ಚಿಲಕ ಎರಡು ಸಲ ನೋಡಿದ ಹೆಂಗಸು ಬೆಲೆ ತೆರಬೇಕಾಗುತ್ತದೆ.

ಉಳಿದ ಫೋಟೋಗಳು ಕಾಪಿಯಾಗುವವರೆಗೆ ಕೂತೇ ಇದ್ದೆ. ಭಾಗ್ಯಮ್ಮ ಕಾಫಿ ಕೊಟ್ಟರು, ತಾವು ಕುಡಿಯಲಿಲ್ಲ. ಆರು ಗಂಟೆಗೆ ಪಕ್ಕದ ಮನೆಯ ಸುಜಾತ ಟೆರೇಸಿನಿಂದ ಇಳಿದು, ಒಣಗಿದ ಬಟ್ಟೆ ಹೆಗಲ ಮೇಲೆ ಹೇರಿಕೊಂಡು ಬಾಗಿಲಲ್ಲಿ ನಿಂತಳು. ಮೂವತ್ತೈದರ ಹೆಂಗಸು, ಬಾಯಲ್ಲಿ ಒಂದು ಕ್ಲಿಪ್ಪು. ಅದನ್ನು ತೆಗೆದು ಸೀರೆಗೆ ಸಿಕ್ಕಿಸಿಕೊಂಡಳು.

“ಮದ್ಯಾನ ನಮ್ಮ ಟಿವೀಲಿ ನಿನ್ನ ರವಿಕೆಗಳೆಲ್ಲಾ ಬಂದ್ವು ಕಣಕ್ಕ. ಏನೋ ಒಸಾದು ಬಂದೈತೆ ಅಂತ ತೋರಿಸ್ತು, ಒತ್ತಿದೆ. ಈಗ್ ನೋಡಿದ್ರೆ ಇಲ್ಲ.”

ಭಾಗ್ಯಮ್ಮ ನನ್ನ ಕಡೆ ನೋಡಲಿಲ್ಲ. “ಯಾರ್ಯಾರಿದ್ರಿ?” ಎಂದು ಕೇಳಿದರು.

“ನಾನೂ ನಮ್ಮತ್ತೇನೂ, ಇನ್ಯಾರು.” ಸುಜಾತ ಜಾರುತ್ತಿದ್ದ ಟವೆಲನ್ನು ಎಳೆದು ಹೆಗಲಿಗೆ ಹಾಕಿಕೊಂಡು ತನ್ನ ಬಾಗಿಲ ಕಡೆ ತಿರುಗಿದಳು. “ಆಯಮ್ಮ ಯಾರು ಅಂತ ನಾನು ಕೇಳಾಕ್ ಓಗಲ್ಲ. ಒಳಗೆ ದಿಂಬಿಕ್ಕಿ ಒಲ್ದಿದ್ದೀಯಲ್ಲ, ನಮ್ಮತ್ತೆಗೂ ಅಂಥದ್ದೊಂದು ಒಲ್ಕೊಡು. ಎಂಟು ವರ್ಸದಿಂದ ಅಳೇ ಸೀರೆ ತುಂಡು ತುರುಕ್ಕೊಂಡು ಓಡಾಡ್ತವ್ರೆ.”