ಪುಟ್ಟೇಗೌಡನ ಬೈಗುಳಕ್ಕೆ ವನ್ಸ್ ಮೋರ್

ಗೆಳೆಯರೇ, ಇವತ್ತು ಮದ್ದೂರಿನ ಟೆಂಟು ಸಿನಿಮಾದಲ್ಲಿ ನಮ್ಮ ಬೀದಿಯ ಪುಟ್ಟೇಗೌಡ ಎದ್ದು ನಿಂತು ಸಿನಿಮಾವನ್ನೇ ಬೈದ. ಊರ ನಾಟಕಗಳಲ್ಲಿ ಅವನದು ಯಾವಾಗಲೂ ರಾಜನ ಪಾರ್ಟು. ಇವತ್ತಿನದು ನಗೆಯ ಚಿತ್ರ. ಹೆಸರು ಮಾಡಿದ ನಾಟಕದ ನಟನೊಬ್ಬನ ಕಥೆ; ಕೊರಳಿಗೆ ಹಾರ ಬೀಳದೆ ಅವನು ನೀರೂ ಕುಡಿಯುವುದಿಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು. ಪುಟ್ಟೇಗೌಡನಿಗೆ ಮಾತ್ರ ಉರಿಯಿತು. ನೇರ ಹೋಗಿ ಪರದೆಯ ಮುಂದೆ ನಿಂತ.

“ಪಾರ್ಟು ಮಾಡೋರ್ನ ಆಡ್ಕಂಡು ನಗ್ತೀರೇನ್ರಲಾ? ಬಣ್ಣ ಅಚ್ಕಂಡು ಬೆಳಗಾನ ನಿಂತ್ಕಂಡ್ರೆ ಗೊತ್ತಾಯ್ತದೆ!”

ಬೆಳಕೆಲ್ಲ ಅವನ ಮೇಲೆಯೇ ಬಿದ್ದಿತ್ತು. ಜನ ಶಿಳ್ಳೆ ಹೊಡೆದು “ವನ್ಸ್ ಮೋರ್!” ಎಂದರು. ಆ ಮಾತಿಗೆ ಇಲ್ಲವೆನ್ನುವ ಅಭ್ಯಾಸ ಅವನಿಗಿಲ್ಲ. ಇನ್ನೊಂದು ಸಲ ಬೈದ, ಈ ಸಲ ಕೈ ಎತ್ತಿ, ರಾಗವಾಗಿ.

ಟೆಂಟಿನ ಮಾಲೀಕ ಖಾದರ್ ಸಾಹೇಬರು ಓಡಿ ಬಂದರು. ಕತ್ತು ಹಿಡಿದು ದಬ್ಬುತ್ತಾರೆ ಅಂದುಕೊಂಡೆ. ಅವರು ಕೈ ಮುಗಿದರು.

“ಗೌಡ್ರೇ, ನಾಳೆ ಆಟಕ್ಕೂ ಬನ್ನಿ. ಇಂಗೇ ಬಯ್ರಿ.”

“ಬತ್ತೀನಿ ಸಾಬ್ರೇ. ನೋಟೀಸ್ನಲ್ಲಿ ನನ್ನ ಎಸ್ರು ಮೇಲ್ಗಡೆ ಇರ್ಬೇಕು.”

ಮನೆಗೆ ಬರುವಾಗ ನಾನು, “ನಾಳೀಕೆ ನನ್ನೂ ಪುಕ್ಸಟ್ಟೆ ಒಳೀಕೆ ಬುಡುಸ್ತೀಯೇನ್ಲಾ?” ಎಂದು ಕೇಳಿದೆ.

ಒಂದೇ ಮೇಷ್ಟ್ರ ಕೈಲಿ ಏಟು ತಿಂದು ಬೆಳೆದವರು ನಾವು. ಆದರೂ “ನೋಡಾನ” ಎಂದ.